ಐದು ತೂತಿನ ಹಾಳೆ

"ಸಹಿ ನಂದೇ," ಅಂದರು ದೊಡ್ಡಪ್ಪ, ಮೂರನೆಯ ಸಲ.

ವಕೀಲಮ್ಮ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. "ನಂದಲ್ಲ ಅಂತ ಒಂದೇ ಒಂದು ಸಲ ಹೇಳಿ ಯಜಮಾನ್ರೇ. ಮುಂದಿನದು ನಾನು ನೋಡ್ಕೋತೀನಿ."

"ನಂದನ್ನ ನಂದಲ್ಲ ಅಂತ ಹೇಗಮ್ಮಾ ಹೇಳಲಿ? ಸಹಿ ನಂದೇ. ಅದರ ಮೇಲಿನ ಎರಡು ಸಾಲೂ ನನ್ನ ಕೈಬರಹವೇ. ಅಂಗಡಿ ಮಾತ್ರ ನಾನು ಯಾರಿಗೂ ಕೊಟ್ಟಿಲ್ಲ."

"ಈ ಮೂರೂ ಒಟ್ಟಿಗೆ ಹೇಗೆ ನಿಜ ಆಗುತ್ತೆ?"

"ಅದಕ್ಕೆ ತಾನೇ ನೀವು ಅಷ್ಟು ವರ್ಷ ಕೂತು ಓದಿರೋದು," ಅಂದರು ದೊಡ್ಡಮ್ಮ. ಅವರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ಸೂಜಿ ಎಳೆಯುತ್ತ ಯಾವುದೋ ಹಾಜರಿ ಪುಸ್ತಕ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

ನಮ್ಮ ಬೈಂಡಿಂಗ್ ಅಂಗಡಿಯ ಮೇಜಿನ ಮೇಲೆ, ಗೋಂದಿನ ಡಬ್ಬಿ ಮತ್ತು ರಟ್ಟಿನ ಚೂರುಗಳ ನಡುವೆ, ಮಳಿಗೆಯ ಓನರ್ ಕೋರ್ಟಿಗೆ ಕೊಟ್ಟ ಕಾಗದದ ಜೆರಾಕ್ಸ್ ಬಿದ್ದಿತ್ತು. ಬೆಳಿಗ್ಗೆ ವಕೀಲಮ್ಮನೇ ತಂದದ್ದು. ಮೇಲಿನ ಅರ್ಧ ಕಂಪ್ಯೂಟರಿನ ಅಚ್ಚು: 'ಗುತ್ತಿಗೆ ಅವಧಿ ಮುಗಿದಿರುವುದರಿಂದ ಮಳಿಗೆಯನ್ನು ಸ್ವಂತ ಇಚ್ಛೆಯಿಂದ ಖಾಲಿ ಮಾಡಿ, ಬೀಗದ ಕೈ ಸಮೇತ ಮಾಲೀಕರಿಗೆ'. ಅಚ್ಚು ಅಲ್ಲಿಗೆ ನಿಂತಿತ್ತು. ಹಾಳೆಯ ಬುಡದಲ್ಲಿ ದೊಡ್ಡಪ್ಪನ ದುಂಡು ಅಕ್ಷರ: 'ಎಲ್ಲವನ್ನೂ ಸರಿಯಾಗಿ ಒಪ್ಪಿಸಿದ್ದೇನೆ. ಇನ್ನು ನನ್ನ ಹತ್ತಿರ ಏನೂ ಉಳಿದಿಲ್ಲ.' ಸಹಿ. ಹೋದ ತಿಂಗಳ ತಾರೀಖು ೬.

ಗುತ್ತಿಗೆ ಮುಗಿದದ್ದು ೫ಕ್ಕೆ.

ಮುಗಿದ ಮಾರನೆಯ ದಿನವೂ ನಾವು ಇಲ್ಲೇ ಇದ್ದೆವು. "ಇರಿ, ಹೊಸ ಪತ್ರ ನಿಧಾನಕ್ಕೆ ಮಾಡೋಣ" ಅಂತ ಓನರ್ ಇದೇ ಹೊಸ್ತಿಲಲ್ಲಿ ನಿಂತು ಹೇಳಿ ಹೋಗಿದ್ದರು. ಹದಿನೈದು ದಿನ ಕಳೆದ ಮೇಲೆ, ಹಾಗೆ ಹೇಳಿದ್ದೇ ಇಲ್ಲ ಅಂದರು.

"ಓನರ್ ಒಪ್ಪಿ ನಿಮ್ಮನ್ನ ಇರಿಸಿಕೊಂಡಿದ್ದರೆ, ರಾತ್ರೋರಾತ್ರಿ ಎಬ್ಬಿಸೋಕೆ ಆಗಲ್ಲ," ಅಂದರು ವಕೀಲಮ್ಮ. "ಕ್ರಮವಾಗಿ ನೋಟಿಸ್ ಕೊಡಬೇಕು, ಕೋರ್ಟಿಗೆ ಹೋಗಬೇಕು. ಆದರೆ ನೀವೇ ಬರೆದು ಒಪ್ಪಿಸಿದ ಮೇಲೆ ನೀವು ಬಾಡಿಗೆದಾರರೇ ಅಲ್ಲ. ನುಗ್ಗಿ ಕೂತವರು. ಮೂರು ಗಂಟೆಗೆ ಕೋರ್ಟಿನಿಂದ ಕಮಿಷನರ್ ಬರ್ತಾರೆ. ಅವರು ಇಲ್ಲಿ ನೋಡಿ ಬರೆದುಕೊಂಡದ್ದೇ ನಾಳೆ ಜಡ್ಜ್ ಮುಂದೆ ಹೋಗೋದು."

"ನುಗ್ಗಿ ಕೂತವರು," ಅಂತ ದೊಡ್ಡಪ್ಪ ಮೆಲ್ಲಗೆ ಹೇಳಿಕೊಂಡರು. ಅವರ ಕೈ ಪಕ್ಕದ ಕಟಿಂಗ್ ಮಷೀನಿನ ಚಕ್ರದ ಮೇಲಿತ್ತು. ಆ ಮಷೀನಿನ ನಾಲ್ಕು ಕಾಲು ನೆಲದ ಸಿಮೆಂಟಿನೊಳಗೆ ಹೂತಿವೆ. ಹೂತವರು ಅವರೇ. ಈ ಕಟ್ಟಡದಿಂದ ಅದನ್ನು ಎಬ್ಬಿಸಬೇಕಾದರೆ ಒಡೆಯಬೇಕು. ನೆಲವನ್ನೋ ಮಷೀನನ್ನೋ ಅಂತ ಯಾರೂ ಕೇಳುತ್ತಿರಲಿಲ್ಲ.

ನಾನು ಆ ಎರಡು ಸಾಲನ್ನು ಮತ್ತೆ ಓದಿದೆ. ಎಲ್ಲೋ ಓದಿದ ಹಾಗಿತ್ತು. ಎಲ್ಲೋ ಏನು, ದಿನಾ ಓದುತ್ತಿದ್ದೆ. ದಿನಾ ನೋಡುವುದು ಕಣ್ಣಿಗೆ ಬೀಳುವುದಿಲ್ಲ.

ಎದ್ದು ಹೋಗಿ, ಗಿರಾಕಿಗಳಿಗೆ ಕೊಡಲು ಕಟ್ಟಿಟ್ಟಿದ್ದ ರಾಶಿಯಿಂದ ಒಂದು ಪುಸ್ತಕ ತಂದು, ಕೊನೆಯ ಹಾಳೆ ತೆರೆದು ವಕೀಲಮ್ಮನ ಮುಂದಿಟ್ಟೆ.

"ಬಾಯಲ್ಲಿ ಹೇಳಬಾರದೇನೇ," ಅಂದರು ದೊಡ್ಡಮ್ಮ. "ನಮ್ಮ ಮೌನಗೌರಿಗೆ ಎಲ್ಲಾ ತೋರಿಸೋದೇ."

ಹಾಳೆಯ ಬುಡದಲ್ಲಿ ಅದೇ ದುಂಡು ಅಕ್ಷರ. ಎಲ್ಲವನ್ನೂ ಸರಿಯಾಗಿ ಒಪ್ಪಿಸಿದ್ದೇನೆ. ಇನ್ನು ನನ್ನ ಹತ್ತಿರ ಏನೂ ಉಳಿದಿಲ್ಲ. ಸಹಿ, ತಾರೀಖು. ಅದರ ಮೇಲೆಲ್ಲ ಬಿಳಿ.

ವಕೀಲಮ್ಮ ಇನ್ನೊಂದು ಪುಸ್ತಕ ತೆಗೆದರು. ಮತ್ತೊಂದು. ಮತ್ತೂ ಒಂದು.

"ಎಲ್ಲದರಲ್ಲೂ ಬರೀತೀರಾ?"

"ಹಿಂದೆ ಒಬ್ಬರು ನಾಲ್ಕು ಹಾಳೆ ನುಂಗಿದ್ದೀಯ ಅಂತ ರಂಪ ಮಾಡಿದ್ರು," ಅಂದರು ದೊಡ್ಡಪ್ಪ. "ಅವತ್ತಿನಿಂದ ಕೊಡೋ ಪ್ರತಿ ಪುಸ್ತಕದಲ್ಲೂ ಬರೀತೀನಿ. ತಂದುಕೊಟ್ಟ ಹಾಳೆ ಎಲ್ಲಾ ಒಪ್ಪಿಸಿದೀನಿ ಅಂತ."

"ಅಂದ್ರೆ ಇಷ್ಟು ವರ್ಷ ಊರಿಗೆಲ್ಲ ಖಾಲಿ ಹಾಳೆಗೆ ಸಹಿ ಹಾಕಿ ಹಂಚಿದ್ದೀರಾ?"

"ಖಾಲಿ ಎಲ್ಲಮ್ಮಾ? ಕೆಳಗೆ ಬರೆದಿದೀನಲ್ಲ."

"ಮೇಲೆ ಖಾಲಿ ಇದೆಯಲ್ಲ ಯಜಮಾನ್ರೇ."

"ಬುಡದಲ್ಲಿ ಬರೆದರೆ ನೋಡೋಕೆ ಚೆನ್ನಾಗಿರುತ್ತೆ," ಅಂದರು ದೊಡ್ಡಪ್ಪ, ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಲ್ಲ.

ವಕೀಲಮ್ಮ ಹಣೆ ಒತ್ತಿಕೊಂಡರು. ನಗು ತಡೆಯುತ್ತಿದ್ದರೋ ಅಳುವೋ ತಿಳಿಯಲಿಲ್ಲ. "ಸರಿ. ಇದು ಒಂದು ಪುಸ್ತಕದ ಕೊನೆಯ ಹಾಳೆ ಅಂತ ನಾನೂ ನೀವೂ ಒಪ್ಪಿದೆವು. ಕಮಿಷನರ್ ಒಪ್ಪಬೇಕಲ್ಲ. ಅಂಗಡಿ ಬಿಡೋವಾಗಲೂ ಅದೇ ಸಾಲು ಬರೆದ್ರು ಅಂತಾರೆ ಓನರ್."

ನಾನು ಜೆರಾಕ್ಸಿನ ಎಡ ಅಂಚಿಗೆ ಬೆರಳಿಟ್ಟೆ. ಮೇಲಿಂದ ಕೆಳಗೆ ಐದು ಕಪ್ಪು ಚುಕ್ಕೆ.

"ಜೆರಾಕ್ಸ್ ಮಷೀನಿನ ಕೊಳೆ ಕಣೇ ಅದು," ಅಂದರು ದೊಡ್ಡಮ್ಮ. ಅಷ್ಟು ದೂರದಿಂದ.

ಕೊಳೆ ಲೆಕ್ಕ ಹಾಕಿಕೊಂಡು ಕೂರುವುದಿಲ್ಲ. ಗೋಡೆಯ ಮೊಳೆಯಿಂದ ತಗಡಿನ ಪಟ್ಟಿ ತಂದೆ. ಉದ್ದ ಪುಸ್ತಕಗಳನ್ನು ಪಕ್ಕದಿಂದ ಹೊಲಿಯುವ ಮೊದಲು, ಈ ಪಟ್ಟಿಯನ್ನು ಹಾಳೆಗಳ ಮೇಲಿಟ್ಟು ಅದರ ಐದು ತೂತಿನಲ್ಲಿ ದಬ್ಬಣ ಇಳಿಸುತ್ತೇವೆ. ಪಟ್ಟಿ ಮಾಡುವಾಗ ದೊಡ್ಡಪ್ಪನ ಕೈ ಒಮ್ಮೆ ಜಾರಿತ್ತು. ಮೂರನೆಯ ತೂತು ಸರಿಯಾಗಿ ನಡುವೆ ಇಲ್ಲ, ಒಂದು ಅಕ್ಕಿಕಾಳಿನಷ್ಟು ಮೇಲಿದೆ. ನಮ್ಮ ಅಂಗಡಿಯಿಂದ ಹೋದ ಎಲ್ಲ ಉದ್ದ ಪುಸ್ತಕಗಳ ಮೂರನೆಯ ತೂತೂ ಅಕ್ಕಿಕಾಳಿನಷ್ಟು ಮೇಲಿದೆ.

ಪಟ್ಟಿಯನ್ನು ಜೆರಾಕ್ಸಿನ ಮೇಲಿಟ್ಟೆ. ಐದು ತೂತಿನೊಳಗಿಂದಲೂ ಐದು ಕಪ್ಪು ಚುಕ್ಕೆ ಇಣುಕಿದವು.

ವಕೀಲಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಯಾವ ಪುಸ್ತಕ?"

ನಮ್ಮ ಕೆಲಸದ ನೋಟ್‌ಬುಕ್ ಬರೆಯುವುದು ನಾನು. ಯಾವ ದಿನ ಯಾರ ಪುಸ್ತಕ ಹೋಯಿತು, ಯಾರು ಹೊಲಿದರು, ಅಷ್ಟೇ ಬರೆಯಬೇಕು. ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಹೋದ ತಿಂಗಳ ೬ನೇ ತಾರೀಖಿನಲ್ಲಿ ಹೀಗಿತ್ತು: 'ಕೆಲಸ ಇಲ್ಲ. ದೊಡ್ಡಪ್ಪನ ಕಣ್ಣಿಗೆ ಆಸ್ಪತ್ರೆಯಲ್ಲಿ ಔಷಧಿ ಬಿಟ್ಟಿದ್ದಾರೆ. ಸಂಜೆವರೆಗೆ ಏನೂ ಕಾಣದು. ಕಾಫಿ ಲೋಟ ಅಂತ ಗೋಂದಿನ ಡಬ್ಬಿಗೆ ಕೈ ಹಾಕಿದರು.'

"ಇದನ್ನೂ ಬರೆದಿದ್ದೀಯಾ?" ಅಂದರು ದೊಡ್ಡಪ್ಪ.

"ಬರೆದದ್ದು ಒಳ್ಳೇದಾಯ್ತು," ಅಂದರು ವಕೀಲಮ್ಮ. "ಗೋಂದು ಯಾವುದು ಕಾಫಿ ಯಾವುದು ಅಂತ ಕಾಣದವರು ಅವತ್ತು ಇಷ್ಟು ನೆಟ್ಟಗೆ ಬರೆಯೋಕೆ ಸಾಧ್ಯವೇ ಇಲ್ಲ. ಹಾಗಾದ್ರೆ ತಾರೀಖು?"

ಭೂತಗನ್ನಡಿ ಹಿಡಿದೆ. ದೊಡ್ಡಪ್ಪ ೬ ಬರೆಯುವುದು ಪೆನ್ನು ಎತ್ತದೆ, ಒಂದೇ ಎಳೆತದಲ್ಲಿ. ಈ ೬ರ ಹೊಟ್ಟೆಗೂ ಬಾಲಕ್ಕೂ ನಡುವೆ ಕೂದಲೆಳೆಯಷ್ಟು ಬಿಳಿ ಇತ್ತು. ಬಾಲವನ್ನು ಹೆಬ್ಬೆರಳಿನಿಂದ ಮುಚ್ಚಿದೆ.

"ಮೂರು," ಅಂದೆ. ಅವತ್ತು ಬೆಳಿಗ್ಗೆಯಿಂದ ನಾನು ಆಡಿದ ಮೊದಲ ಮಾತು.

ಮೂರನೇ ತಾರೀಖು ನಮ್ಮಲ್ಲಿಂದ ಮೂರು ಪುಸ್ತಕ ಹೋಗಿದ್ದವು. ಕಾಲೇಜು ಹುಡುಗಿಯೊಬ್ಬಳ ಪ್ರಬಂಧ ಬರೀ ಅಂಟಿನ ಕೆಲಸ, ಅದಕ್ಕೆ ತೂತೇ ಇಲ್ಲ. ಉಳಿದದ್ದು ಎರಡು ಉದ್ದ ಪುಸ್ತಕ. ಎದುರು ಬೀದಿಯ ಹಲ್ಲಿನ ಡಾಕ್ಟರ ರೋಗಿಗಳ ಪುಸ್ತಕ, ಇದೇ ಕಟ್ಟಡದ ಆ ಕೊನೆಯ ಟೈಲರ್ ಮಾಮನ ಅಳತೆ ಪುಸ್ತಕ. ಎರಡರ ಮುಂದೆಯೂ 'ಹೊಲಿಗೆ: ದೊಡ್ಡಪ್ಪ' ಅಂತಿತ್ತು.

"ಕೊನೆಯ ಹಾಳೆ ಇಲ್ಲದ ಪುಸ್ತಕ ಮೂರು ಗಂಟೆಯೊಳಗೆ ಈ ಮೇಜಿನ ಮೇಲಿರಬೇಕು," ಅಂದರು ವಕೀಲಮ್ಮ. "ಅದಿದ್ದರೆ ಈ ಕಾಗದ ಸತ್ತಿತು. ಇಲ್ಲದಿದ್ದರೆ ನಾವು ಸತ್ತೆವು."

"ನಾನು ಹೋಗಿ ತರ್ತೀನಿ," ಅಂತ ದೊಡ್ಡಮ್ಮ ಸೂಜಿ ಚುಚ್ಚಿಟ್ಟು ಎದ್ದರು.

"ನೀನು ಹೋದ್ರೆ ಪುಸ್ತಕ ಬರಲ್ಲ, ಜಗಳ ಬರುತ್ತೆ," ಅಂದರು ದೊಡ್ಡಪ್ಪ. "ಅವಳು ಹೋಗಲಿ."

ದೊಡ್ಡಮ್ಮ ಒಂದು ಗಳಿಗೆ ನಿಂತೇ ಇದ್ದರು. ಆಮೇಲೆ ಕೂತರು.

*

ಹಲ್ಲಿನ ಡಾಕ್ಟರ ಮುಂಗೋಣೆಯಲ್ಲಿ ಚೀಟಿ ಕೊಡುವ ಅಕ್ಕ ನನ್ನ ಮುಖ ನೋಡಿ, "ಮೇಲಿನದೋ ಕೆಳಗಿನದೋ?" ಅಂದರು.

"ಕೊನೆಯದು," ಅಂದೆ. "ಹಲ್ಲಲ್ಲ. ಪುಸ್ತಕದ ಹಾಳೆ."

ಇಂಥ ಮಾತುಗಳನ್ನು ಆಡಿ ಆಮೇಲೆ ವಾರವಿಡೀ ನಾಚಿಕೊಳ್ಳುವುದು ನನ್ನ ಸ್ವಭಾವ. ಅವತ್ತು ನಾಚುವುದಕ್ಕೆ ಪುರುಸೊತ್ತಿರಲಿಲ್ಲ.

ಅಕ್ಕ ಪುಸ್ತಕ ತಿರುಗಿಸಿ ಕೊಟ್ಟರು. ಕೊನೆಯ ಹಾಳೆ ಇತ್ತು. ಎಲ್ಲವನ್ನೂ ಸರಿಯಾಗಿ ಒಪ್ಪಿಸಿದ್ದೇನೆ. ತಾರೀಖು ೩. ದೊಡ್ಡಪ್ಪನ ೩, ಬಾಲವಿಲ್ಲದ್ದು.

"ಇಲ್ಲಿ ಹಲ್ಲು ಕಿತ್ತ ಮೇಲೂ ಇದನ್ನೇ ಬರೆದುಕೊಡಬಹುದು," ಅಂದ ಬೆಂಚಿನ ಮೇಲೆ ಕೂತಿದ್ದ ಒಬ್ಬ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ. "ಇನ್ನು ನನ್ನ ಹತ್ತಿರ ಏನೂ ಉಳಿದಿಲ್ಲ."

ಎಲ್ಲರೂ ನಕ್ಕರು. ನಾನು ಮೆಟ್ಟಿಲಿಳಿದೆ. ಎಣಿಸಿದರೆ ಉಳಿದದ್ದು ಒಂದೇ ಪುಸ್ತಕ.

ಟೈಲರ್ ಮಾಮ. ನನ್ನ ಸ್ಕೂಲ್ ಯೂನಿಫಾರ್ಮಿನ ಲಂಗ ಮೂರು ವರ್ಷ ಬರಲಿ ಅಂತ ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿ ಹೊಲಿದವರು. ಅವರ ಗುತ್ತಿಗೆ ಮುಗಿಯಲು ಇನ್ನು ಮೂರು ತಿಂಗಳು. ನಮಗೆ ಕೋರ್ಟಿನ ನೋಟಿಸ್ ಬಂದ ದಿನ ಎಲ್ಲ ಅಂಗಡಿಯವರನ್ನೂ ಸೇರಿಸಿ, "ಇವತ್ತು ಇವರು, ನಾಳೆ ನಾನು" ಅಂತ ಮಾತಾಡಿದವರು. ಅವರ ಬಾಗಿಲಿಗೆ ಅಂಟಿಸಿದ್ದ ರಟ್ಟು ಇನ್ನೂ ಇತ್ತು: 'ಈ ಸಾಲಿನ ಒಂದು ಅಂಗಡಿಯೂ ಜಾಗ ಬಿಡುವುದಿಲ್ಲ.' ಆ ರಟ್ಟು ಕೊಟ್ಟವರು ನಾವೇ.

ಮೂರು ತಿಂಗಳು ಅಂದರೆ ಹೆದರುವವರಿಗೆ ಹತ್ತಿರ. ಓನರ್ ಅವರಿಗೆ ಹೊಸ ಗುತ್ತಿಗೆಯ ಆಸೆ ತೋರಿಸಿರಬಹುದು. ಒಂದು ಹಾಳೆ ಕೊಡು, ನಿನ್ನನ್ನು ಮುಟ್ಟುವುದಿಲ್ಲ ಅಂದಿರಬಹುದು.

ನೇರ ಅವರ ಅಂಗಡಿಯೊಳಗೆ ಹೋದೆ. ಸಿಟ್ಟು ಬಂದಾಗ ನನಗೆ ನಾಚಿಕೆ ಇರುವುದಿಲ್ಲ ಅನ್ನುವುದು ನನಗೇ ಅವತ್ತು ಗೊತ್ತಾದದ್ದು.

*

ಅವರು ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಒಂದು ಕೋಟಿನ ತೋಳಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು.

"ಅಳತೆ ಪುಸ್ತಕ ಕೊಡಿ ಮಾಮ."

"ಊಂ?"

"ಅಳತೆ ಪುಸ್ತಕ."

ಅವರು ಸೂಜಿಗಳನ್ನು ಒಂದೊಂದಾಗಿ ತೆಗೆದು ಕೋಟಿಗೆ ಚುಚ್ಚಿದರು. "ಏನು ಪುಟ್ಟಿ, ಬಟ್ಟೆ ಹೊಲಿಸ್ತೀಯಾ? ಕೋರ್ಟಿಗೆ ಹೋಗೋಕೆ ಹೊಸ ಬಟ್ಟೆನಾ?"

"ಪುಸ್ತಕ ನೋಡಬೇಕು. ಕೊನೆಯ ಹಾಳೆ."

"ಎಲ್ಲೋ ಇದೆ. ಈಗ ಕೆಲಸ ಇದೆ, ಸಂಜೆ ಬಾ."

"ಸಂಜೆಗೆ ನಮ್ಮ ಅಂಗಡಿ ಇರಲ್ಲ."

ಸೀಮೆಸುಣ್ಣ ನಿಂತಿತು. ನಾನು ಜೆರಾಕ್ಸನ್ನು ಕೋಟಿನ ಮೇಲೆ ಬಿಚ್ಚಿದೆ. ಅವರು ಮೂಗಿನ ತುದಿಯ ಕನ್ನಡಕದೊಳಗಿಂದ ಓದಿದರು. ಅರ್ಧಕ್ಕೆ ಬಂದಾಗ ತುಟಿ ಅಲುಗುವುದು ನಿಂತಿತು.

"ಇದು ನಿಮ್ಮ ಪುಸ್ತಕದ್ದು," ಅಂದೆ. "ನೀವೇ ಓನರಿಗೆ ಕೊಟ್ಟಿದ್ದು."

"ಏನಂದೆ?"

"ಹೊಸ ಗುತ್ತಿಗೆ ಎಷ್ಟು ವರ್ಷಕ್ಕೆ ಮಾಡಿಕೊಡ್ತೀನಿ ಅಂದ್ರು?"

ಹೊಲಿಗೆ ಮಷೀನಿನ ಮುಂದೆ ಕೂತಿದ್ದ ಅವರ ಹೆಂಡತಿ ಕಾಲು ನಿಲ್ಲಿಸಿದರು. ಮಾಮ ಕನ್ನಡಕ ತೆಗೆದರು. ಕನ್ನಡಕ ಇಲ್ಲದ ಅವರ ಮುಖ ನಾನು ನೋಡಿಯೇ ಇರಲಿಲ್ಲ.

"ನಿನ್ನ ವಯಸ್ಸಿನವರ ಹತ್ತಿರ ಈ ಮಾತು ಕೇಳೋಕೆ ಇಲ್ಲಿ ಕೂತಿದೀನಾ ನಾನು? ಕಳ್ಳ ಅಂತೀಯಾ ನನ್ನ?"

"ಅಂತೀನಿ. ಅದನ್ನ ಹೇಳೋಕೇ ಬಂದೆ. ಅಲ್ಲ ಅಂತ ನೀವು ತೋರಿಸಿ. ನಾನು ಇಲ್ಲೇ, ಇವರೆದುರಿಗೇ ತಪ್ಪಾಯ್ತು ಅಂತೀನಿ."

"ನಾಲಿಗೆ ಯಾವಾಗ ಬಂತು ಇವಳಿಗೆ?" ಅಂತ ಅವರು ಹೆಂಡತಿಯನ್ನು ಕೇಳಿದರು.

"ಪುಸ್ತಕ ಕೊಟ್ಟುಬಿಡಿ," ಅಂದರು ಹೆಂಡತಿ. "ಇಲ್ಲದಿದ್ದರೆ ನಾನೂ ಹಾಗೇ ಅಂದುಕೋತೀನಿ."

ಅವರು ಕತ್ತರಿಸುವ ಮೇಜಿನ ಕೆಳಗೆ ಬಗ್ಗಿ, ಪುಸ್ತಕ ತೆಗೆದು, ನನ್ನ ಮುಂದೆ ಎಸೆದರು. ಸೀಮೆಸುಣ್ಣದ ಪುಡಿ ಎದ್ದಿತು.

ಕೊನೆಯ ಹಾಳೆ ತೆರೆದೆ. ಖಾಲಿ. ಬುಡದಲ್ಲಿ ಸಾಲಿಲ್ಲ, ಸಹಿಯಿಲ್ಲ. ಸಹಿ ಇದ್ದ ಹಾಳೆ ಹೋಗಿತ್ತು, ಅದರ ಹಿಂದಿನದೇ ಈಗ ಕೊನೆಯದಾಗಿತ್ತು.

"ನೋಡಿ," ಅಂದೆ. "ಇಲ್ಲ."

"ಹರಿದಿದ್ದರೆ ಬುಡ ಉಳೀಬೇಕಲ್ಲ?" ಅಂದರು ಮಾಮ. ಸಿಟ್ಟಿಗಿಂತ ಈಗ ಅವರಿಗೆ ಕುತೂಹಲ ಜಾಸ್ತಿಯಾಗಿತ್ತು. "ಒಂದು ಚೂರೂ ಇಲ್ಲವಲ್ಲ."

ಅದು ಅಳತೆ ಹಿಡಿಯುವವರ ಕಣ್ಣು. ನನಗೆ ಮೊದಲೇ ಹೊಳೆಯಬೇಕಿತ್ತು.

ಪಕ್ಕದಿಂದ ಹೊಲಿದ ಪುಸ್ತಕದ ಹಾಳೆ ಹರಿದರೆ, ತೂತಿರುವ ಅಂಚು ದಾರದೊಳಗೇ ಸಿಕ್ಕಿಕೊಂಡು ಪುಸ್ತಕದಲ್ಲೇ ಉಳಿಯುತ್ತದೆ. ಓನರ ಹಾಳೆಯಲ್ಲಿ ಐದೂ ತೂತು ಇಡಿಯಾಗಿದ್ದವು. ಅಂದರೆ ಅದನ್ನು ಹರಿದಿಲ್ಲ. ಬೆನ್ನಿನ ಬಟ್ಟೆ ಎಬ್ಬಿಸಿ, ದಾರ ಬಿಚ್ಚಿ, ಹಾಳೆಯನ್ನು ನೋಯಿಸದೆ ಹೊರಗೆ ತೆಗೆದು, ಮತ್ತೆ ಅದೇ ತೂತಿನಲ್ಲಿ ಹೊಲಿದಿದ್ದಾರೆ. ಟೈಲರ್ ಎಷ್ಟೇ ಚೆನ್ನಾಗಿ ಹೊಲಿದರೂ ಅವರಿಗೆ ಬಟ್ಟೆ ಗೊತ್ತು, ಕಾಗದ ಗೊತ್ತಿಲ್ಲ.

ಈ ಸಾಲಿನಲ್ಲಿ ಕಾಗದ ಗೊತ್ತಿರುವವರು ಮೂರೇ ಜನ.

ಪುಸ್ತಕ ತಿರುಗಿಸಿದೆ. ಬೆನ್ನಿನ ಕಂದು ಬಟ್ಟೆಯಲ್ಲಿ ಹೊಸ ಗೋಂದಿನ ಹೊಳಪು. ತುದಿಯನ್ನು ಉಗುರಿನಿಂದ ಎಬ್ಬಿಸಿದೆ. ಮೂರನೆಯ ತೂತಿನ ಬಳಿ ದಾರದ ಗಂಟು. ದೊಡ್ಡಪ್ಪ ಕಟ್ಟುವ ಗಂಟಿನ ಬಾಲ ಬಲಕ್ಕೆ ಬೀಳುತ್ತದೆ, ನಾನು ಕಟ್ಟುವುದೂ ಬಲಕ್ಕೆ.

ಇದು ಎಡಕ್ಕಿತ್ತು.

"ಮಾಮ," ಅಂದೆ. "ಈ ಪುಸ್ತಕ ನಿಮ್ಮ ಕೈಬಿಟ್ಟು ಎಲ್ಲಿಗಾದರೂ ಹೋಗಿತ್ತಾ?"

"ಎಲ್ಲಿಗೂ ಇಲ್ಲ." ಸ್ವಲ್ಪ ತಡೆದು, "ನಿಮ್ಮಲ್ಲಿಗೆ ಬಿಟ್ಟು," ಅಂದರು. "ತಂದ ಮಾರನೇ ದಿನವೇ ನಿಮ್ಮ ದೊಡ್ಡಮ್ಮ ಬಂದ್ರು. ಹೊಲಿಗೆ ಸಡಿಲ ಬಿದ್ದಿದೆ, ಯಜಮಾನ್ರಿಗೆ ಕಣ್ಣು ಸರಿಯಿಲ್ಲ, ಅವರಿಗೆ ಹೇಳಬೇಡಿ ನೊಂದುಕೋತಾರೆ, ನಾನೇ ಸರಿ ಮಾಡಿ ತರ್ತೀನಿ ಅಂತ. ಒಂದು ಗಂಟೆಯಲ್ಲಿ ತಂದುಕೊಟ್ರು. ನನಗೇನೂ ಸಡಿಲ ಕಂಡಿರಲಿಲ್ಲ. ಆದರೆ ನಿಮ್ಮ ಕೆಲಸ ನಿಮಗೆ ಗೊತ್ತು ಅಂದುಕೊಂಡೆ."

ಮಷೀನಿನ ಮುಂದಿದ್ದ ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಅವರಿಗೂ ಅರ್ಥವಾಗಿತ್ತು ಅನಿಸುತ್ತದೆ.

"ತಪ್ಪಾಯ್ತು ಮಾಮ," ಅಂದೆ.

"ಅದಿರಲಿ," ಅಂದರು ಅವರು. "ಈಗ ಏನು ಮಾಡ್ತೀಯ?"

*

ಅವರ ಅಂಗಡಿಯಿಂದ ನಮ್ಮ ಅಂಗಡಿಗೆ ಹದಿನಾಲ್ಕು ಹೆಜ್ಜೆ. ಪುಸ್ತಕವನ್ನು ಎದೆಗೆ ಒತ್ತಿಕೊಂಡು ಐದನೆಯ ಹೆಜ್ಜೆಯಲ್ಲಿ ನಿಂತೆ.

ನನ್ನನ್ನು ನಾಲ್ಕು ವರ್ಷದವಳಿರುವಾಗ ಮನೆಗೆ ತಂದು ಸಾಕಿದವರು ದೊಡ್ಡಮ್ಮ. ನೋಟಿಸ್ ತಂದವನ ಮುಖಕ್ಕೆ ನೋಟಿಸ್ ಎಸೆದವರು ದೊಡ್ಡಮ್ಮ. ಈ ಸಾಲಿನಲ್ಲಿ ಓನರನ್ನು ಏಕವಚನದಲ್ಲಿ ಬೈಯುವ ಧೈರ್ಯ ಇದ್ದವರು ಅವರೊಬ್ಬರೇ. ಅವರೇ ಯಾಕೆ ಆ ಹಾಳೆ ತೆಗೆದರು?

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ತೂತಿನ ಅಂಚನ್ನು ಕತ್ತರಿಸಿಬಿಟ್ಟಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ನಮ್ಮ ಮಷೀನಿನಲ್ಲಿ ಅದು ಒಂದು ನಿಮಿಷದ ಕೆಲಸವೂ ಅಲ್ಲ. ಅವರು ಕತ್ತರಿಸಿರಲಿಲ್ಲ.

ಕಾರಿನ ಬಾಗಿಲು ಮುಚ್ಚಿದ ಸದ್ದು. ಓನರ್ ಇಳಿದರು, ಅವರ ಹಿಂದೆ ಬಗಲಲ್ಲಿ ಬರೆಯುವ ರಟ್ಟು ಇಟ್ಟುಕೊಂಡು ತೆಳ್ಳಗಿನ ಯುವಕನೊಬ್ಬ. ಕೋರ್ಟಿನ ಕಮಿಷನರ್ ಅಂದರೆ ವಯಸ್ಸಾದವರು ಅಂದುಕೊಂಡಿದ್ದೆ. ಇವರ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ದೊಡ್ಡಮ್ಮ ಸ್ಟೂಲನ್ನು ಬಾಗಿಲಿನ ನಟ್ಟನಡುವೆ ಎಳೆದುಕೊಂಡು ಹೊಲಿಯುತ್ತಿದ್ದರು. ಯಾರೇ ಒಳಗೆ ಹೋಗಬೇಕಾದರೂ ಅವರನ್ನು ದಾಟಬೇಕಿತ್ತು.

"ಸ್ವಲ್ಪ ಸರೀತೀರಾ ಅಮ್ಮ," ಅಂದರು ಕಮಿಷನರ್.

"ಒಳಗೆ ಬನ್ನಿ, ನೋಡಿ, ಬರ್ಕೊಳ್ಳಿ," ಅಂತ ದೊಡ್ಡಮ್ಮ ಮಂಡಿ ಓರೆ ಮಾಡಿದರು. "ನಿಮ್ಮ ಜೊತೆಗಿರೋರು ಮಾತ್ರ ಹೊರಗೇ ನಿಂತ್ಕೋಬೇಕು. ಇರೀ ಅಂತ ಹೇಳಿ ಹೋದ ಹೊಸ್ತಿಲು ಇದು. ಹೇಳಿಲ್ಲ ಅಂದವರು ದಾಟಬಾರದು."

"ನೋಡಿ ಸಾರ್," ಅಂದರು ಓನರ್ ನಗುತ್ತ. "ಬೀಗದ ಕೈ ಒಪ್ಪಿಸಿ ಸಹಿ ಮಾಡಿದವರು ಒಳಗೆ ಕೂತು ನನಗೇ ಹೊಸ್ತಿಲ ಪಾಠ ಹೇಳ್ತಾರೆ."

ಒಳಗಿನಿಂದ ಕಟಿಂಗ್ ಮಷೀನಿನ ಚಕ್ರ ತಿರುಗುವ ಸದ್ದು ಬರುತ್ತಿತ್ತು. ದೊಡ್ಡಪ್ಪ ಕೆಲಸ ನಿಲ್ಲಿಸಿರಲಿಲ್ಲ. ಕಮಿಷನರ್ ನೋಡಲಿ ಅಂತಲೇ ಇರಬೇಕು. ಖಾಲಿ ಮಾಡಿದ ಅಂಗಡಿಯಲ್ಲಿ ಚಕ್ರ ತಿರುಗುವುದಿಲ್ಲ.

ವಕೀಲಮ್ಮ ಒಳಗಿಂದ ಬಂದು ಜೆರಾಕ್ಸನ್ನೂ ತಗಡಿನ ಪಟ್ಟಿಯನ್ನೂ ಕಮಿಷನರ ಕೈಗೆ ಕೊಟ್ಟರು. ಐದು ತೂತು ತೋರಿಸಿದರು. ಬಾಲ ಬಂದ ಮೂರನ್ನು ತೋರಿಸಿದರು. ಕಮಿಷನರ್ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಪುಸ್ತಕ?" ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು.

"ಸಿಕ್ಕಿತಾ?" ಅಂದರು ವಕೀಲಮ್ಮ.

ಇಲ್ಲ ಅಂದರೆ ಅಂಗಡಿ ಹೋಗುತ್ತದೆ. ಹೌದು ಅಂದರೆ, ಯಾರು ತೆಗೆದರು ಅನ್ನುವುದು ಮುಂದಿನ ಪ್ರಶ್ನೆ.

"ಸಿಕ್ಕಿದೆ," ಅಂದೆ ಕೊನೆಗೆ. ಪುಸ್ತಕವನ್ನು ಕಮಿಷನರಿಗೆ ಚಾಚಿದೆ.

ಓನರ್ ಹೆದರಲಿಲ್ಲ. ಅದು ನನಗೆ ಇಷ್ಟವಾಗಲಿಲ್ಲ. ಅವರು ಇನ್ನೂ ಸ್ವಲ್ಪ ನಕ್ಕು, "ಕೇಳಿ ಸಾರ್," ಅಂದರು. "ಆ ಹಾಳೆ ನನ್ನ ಕೈಗೆ ನಡೆದುಕೊಂಡು ಬಂದಿಲ್ಲ. ಆ ಪುಸ್ತಕದಿಂದ ಅದನ್ನ ಯಾರು ತೆಗೆದರು ಅಂತಾನೂ ಈ ಹುಡುಗಿಯನ್ನೇ ಕೇಳಿ. ಹೇಳ್ತಾಳಾ ನೋಡೋಣ."

ನಾನು ಹೇಳುವುದಿಲ್ಲ ಅಂತ ಅವರಿಗೆ ಖಾತ್ರಿಯಿತ್ತು. ಈ ಮನೆಯವರು ಮನೆಯವರನ್ನು ಬಿಟ್ಟುಕೊಡುವುದಿಲ್ಲ ಅನ್ನುವುದರ ಮೇಲೇ ಅವರು ಇಷ್ಟೂ ಕಟ್ಟಿದ್ದರು.

"ಯಾರಮ್ಮ?" ಅಂದರು ಕಮಿಷನರ್, ಪೆನ್ನು ತೆರೆದು.

ದೊಡ್ಡಮ್ಮ ದಾರ ಕಚ್ಚಿ ತುಂಡು ಮಾಡಿದರು. ಹೊಲಿಯುತ್ತಿದ್ದ ಪುಸ್ತಕವನ್ನು ಸ್ಟೂಲಿನ ಮೇಲಿಟ್ಟು ಎದ್ದು ನಿಂತರು.

"ಅವನ ಮುಖ ಏನು ನೋಡ್ತೀಯ, ನನ್ನ ನೋಡು," ಅಂದರು ನನಗೆ. "ಯಾರು ತೆಗೆದರು ಅಂತ ನೀನು ಹೇಳು. ಈ ಸಾಲಿಗೆಲ್ಲ ಕೇಳೋ ಹಾಗೆ ಹೇಳು. ಇವನ ಮಾತಿಗೆ ಯಾಕೆ ತೆಗೆದೆ, ಐದು ತೂತು ಕತ್ತರಿಸದೆ ಯಾಕೆ ಬಿಟ್ಟೆ ಅಂತ ಆಮೇಲೆ ನಾನು ಹೇಳ್ತೀನಿ. ಬರ್ಕೊಳ್ಳೋಕೆ ಇವರು ಬಂದಿದಾರೆ, ಕೇಳೋಕೆ ಇವನೂ ಇದಾನೆ. ಇದಕ್ಕೇ ಕಾಯ್ತಾ ಇದ್ದೆ ನಾನು."

ಓನರ ನಗು ಮುಖದ ಮೇಲೆ ಹಾಗೇ ಉಳಿದುಕೊಂಡಿತು, ಆದರೆ ಕೈ ಹೋಗಿ ಕಮಿಷನರ ತೋಳು ಹಿಡಿಯಿತು. "ಸಾರ್, ಇದೆಲ್ಲ ಇಲ್ಲಿ ಬೇಡ. ಕಾರಿನಲ್ಲಿ ಕೂತು ಮಾತಾಡೋಣ."

ಒಳಗೆ ಚಕ್ರ ನಿಂತಿತು.

ದೊಡ್ಡಪ್ಪ ಬಾಗಿಲಿಗೆ ಬಂದರು. ಕೈಯಲ್ಲಿ ಕಾಗದದ ಚೂರುಗಳು ಅಂಟಿಕೊಂಡಿದ್ದವು. ಅವರು ಓನರನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ.

"ಏನು ತೆಗೆದೆ ನೀನು?" ಅಂದರು ದೊಡ್ಡಮ್ಮನಿಗೆ.